ಕಲ್ಲಚ್ಚಿನ ಎಂಟು ಹಾಳೆಗಳು

(ಶಾಲಾ ಶತಮಾನೋತ್ಸವದ ಉಪನ್ಯಾಸ ಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲೆಯಲ್ಲಿ ಇದುವರೆಗೆ ಯಕ್ಷಗಾನ, ತುಳುನಾಡಿನ ಶಾಸನಗಳು, ಗಡಿನಾಡಿನ ಕನ್ನಡ ಶಿಕ್ಷಣ ಮೊದಲಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ಇಂದು ನಾವು ಎತ್ತಿಕೊಂಡಿರುವ ವಿಷಯವು ಮೇಲ್ನೋಟಕ್ಕೆ ಬಹು ದೂರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಚಿತ್ರಕಾರರು ಪೂರ್ವದೇಶಗಳ ಪ್ರಾಚೀನ ಸ್ಮಾರಕಗಳನ್ನು ಚಿತ್ರಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ ಪ್ರಕಟಿಸಿದರು. ಅಂಥ ಚಿತ್ರಗಳ ಸ್ವರೂಪವೇನು, ಅವುಗಳನ್ನು ಸಂಗ್ರಹಿಸುವುದರ ಅರ್ಥವೇನು ಎಂಬುದೇ ಇಂದಿನ ವಿಚಾರ.

ಈ ವಿಷಯವನ್ನು ಆಯ್ದುಕೊಳ್ಳಲು ಕಾರಣವುಂಟು. ಈ ಶಾಲೆಯಲ್ಲಿ ಕಲಿತು, ಗಲ್ಫ್ ನಾಡಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ಹಳೆ ವಿದ್ಯಾರ್ಥಿಯೊಬ್ಬರು ಶತಮಾನೋತ್ಸವದ ಕಾಣಿಕೆಯಾಗಿ ಎಂಟು ಹಾಳೆಗಳನ್ನು ನಮಗೆ ಒಪ್ಪಿಸಿದ್ದಾರೆ. ತಮ್ಮ ಹೆಸರನ್ನು ಎಲ್ಲಿಯೂ ಹಾಕಬಾರದೆಂಬುದು ಅವರ ಒಂದೇ ಷರತ್ತು. ಅಬು ಸಿಂಬೆಲಿನ ಎರಡು ನೋಟಗಳು, ಫಿಲೆ ದ್ವೀಪದ ದೇವಾಲಯ, ಕಾರ್ನಾಕಿನ ಕಂಬಗಳು, ಅರ್ಮಂತಿನ ಹಾಳು ಗುಡಿ, ಗೀಜಾದ ಸ್ಫಿಂಕ್ಸ್, ಜೋರ್ಡಾನಿನ ಪೆಟ್ರಾ, ಲೆಬನಾನಿನ ಬಾಲ್ಬೆಕ್, ಹೀಗೆ ಎಂಟು. ಇವೆಲ್ಲವೂ ಡೇವಿಡ್ ರಾಬರ್ಟ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರನವು. ಇವು ಬಂದ ಮೇಲೆ ನಮ್ಮ ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಒಂದು ಪ್ರಶ್ನೆಯನ್ನಿಟ್ಟರು. ಹೊಸ ಕಟ್ಟಡದ ನಿಧಿಗೆ ಇನ್ನೂ ಹಣ ಕೂಡಬೇಕಾಗಿದೆ. ಈ ಚಿತ್ರಗಳನ್ನು ದಾನಿಗಳ ಒಪ್ಪಿಗೆ ಪಡೆದು ಮಾರಿದರೆ ಮಕ್ಕಳ ತಲೆಯ ಮೇಲೊಂದು ಗಟ್ಟಿ ಸೂರಿಗೆ ನೆರವಾಗದೆ? ಈಜಿಪ್ಟಿನ ಚಿತ್ರಗಳಿಂದ ಕಾಸರಗೋಡಿನ ಕನ್ನಡ ಶಾಲೆಗೇನು?

ಪ್ರಶ್ನೆ ನ್ಯಾಯವಾದದ್ದೇ. ಮಳೆಗಾಲದಲ್ಲಿ ಬಕೆಟು ಇಟ್ಟು ಪಾಠ ಮಾಡಿದ ಯಾರೂ ಅದನ್ನು ಲಘುವಾಗಿ ಕಾಣಲಾರರು. ಆದುದರಿಂದ ಇಂದಿನ ಮಾತುಗಳನ್ನು ಆ ಪ್ರಶ್ನೆಗೆ ನಮ್ಮ ಉತ್ತರವೆಂದೇ ತಾವು ಭಾವಿಸಬಹುದು.

ಮೊದಲು ಕಲ್ಲಚ್ಚು ಎಂದರೇನು ಎಂಬುದನ್ನು ಮಕ್ಕಳಿಗಾಗಿ ಹೇಳಬೇಕು. ಇದರ ಶೋಧಕ ಆಲೋಯ್ಸ್ ಸೆನೆಫೆಲ್ಡರ್. ನಟನೊಬ್ಬನ ಮಗ, ಸ್ವತಃ ನಾಟಕಕಾರ. ತಾನು ಬರೆದ ನಾಟಕಗಳನ್ನು ಅಗ್ಗದಲ್ಲಿ ಮುದ್ರಿಸುವ ದಾರಿ ಹುಡುಕುತ್ತ ಜರ್ಮನಿಯ ಬವೇರಿಯದಲ್ಲಿ ಬಗೆಬಗೆಯ ಪ್ರಯೋಗಗಳನ್ನು ಮಾಡುತ್ತಿದ್ದನು. ಒಮ್ಮೆ ತಾಯಿ ಒಗೆಯಲು ಕೊಡುವ ಬಟ್ಟೆಗಳ ಪಟ್ಟಿಯನ್ನು ಬರೆದುಕೊಳ್ಳಲು ಹೇಳಿದಾಗ, ಕೈಗೆ ಕಾಗದ ಸಿಗದೆ, ಹತ್ತಿರವಿದ್ದ ನುಣುಪಾದ ಕಲ್ಲಿನ ಮೇಲೆ ಮೇಣ ಬೆರೆತ ಮಸಿಯಲ್ಲಿ ಬರೆದನೆಂದು ಅವನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಮೊದಲಾದ ಯೋಚನೆ 1798ರ ಹೊತ್ತಿಗೆ ಒಂದು ಹೊಸ ಮುದ್ರಣ ವಿಧಾನವಾಗಿ ನಿಂತಿತು.

ಅದರ ತತ್ತ್ವ ಬಹಳ ಸರಳ. ಎಣ್ಣೆಗೂ ನೀರಿಗೂ ಕೂಡಿಬಾರದು. ಸೋಲ್ನ್‌ಹೋಫನ್ ಎಂಬಲ್ಲಿ ದೊರೆಯುವ ನುಣುಪಾದ ಸುಣ್ಣದ ಕಲ್ಲನ್ನು ತಿಕ್ಕಿ ಸಮಮಾಡಿ, ಅದರ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು. ಬಳಿಕ ಅಂಟು ಮತ್ತು ತೆಳುವಾದ ಆಮ್ಲವನ್ನು ಸವರಿ ಕಲ್ಲನ್ನು ಹದಗೊಳಿಸಬೇಕು. ಮುಂದೆ ಕಲ್ಲನ್ನು ನೀರಿನಿಂದ ಒದ್ದೆಮಾಡಿ ಎಣ್ಣೆಮಸಿಯ ಉರುಳೆಯನ್ನು ಹಾಯಿಸಿದರೆ, ಮಸಿಯು ಬರೆದ ಗೆರೆಗಳಿಗಷ್ಟೆ ಅಂಟುತ್ತದೆ. ಒದ್ದೆಯಾದ ಕಡೆ ಅಂಟುವುದಿಲ್ಲ. ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ತಾಮ್ರದ ತಗಡಿನಲ್ಲಿ ಉಳಿಯಿಂದ ಕೊರೆಯುವ ಕಷ್ಟ ಇಲ್ಲಿಲ್ಲ. ಬಳಪ ಹಿಡಿಯಬಲ್ಲವನ ಕೈಯ ನಡುಕವೂ ಹಾಗೆಯೇ ಕಾಗದಕ್ಕಿಳಿಯುತ್ತದೆ. ಒಂದೇ ತೊಡಕೆಂದರೆ, ಕಲ್ಲಿನ ಮೇಲಿನ ಎಡವು ಕಾಗದದಲ್ಲಿ ಬಲವಾಗುತ್ತದೆ. ಆದುದರಿಂದ ಕಲ್ಲಿನಲ್ಲಿ ಬರೆಯುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು.

ಸೆನೆಫೆಲ್ಡರನು ತನ್ನ ಪ್ರಯೋಗಗಳಲ್ಲಿ ಮುಳುಗಿದ್ದ 1796ರಲ್ಲಿಯೇ ಎಡಿನ್‌ಬರೊ ನಗರದ ಅಂಚಿನಲ್ಲಿ ಚಪ್ಪಲಿ ಹೊಲಿಯುವವನೊಬ್ಬನ ಮನೆಯಲ್ಲಿ ಡೇವಿಡ್ ರಾಬರ್ಟ್ಸ್ ಹುಟ್ಟಿದನು. ಮನೆಗಳಿಗೆ ಬಣ್ಣ ಬಳಿಯುವವನ ಬಳಿ ಏಳು ವರ್ಷ ಕೆಲಸ ಕಲಿತನು. ಆಮೇಲೆ ನಾಟಕಶಾಲೆಗಳ ಪರದೆಗಳನ್ನು ಬರೆಯುತ್ತ ಲಂಡನ್ ಸೇರಿದನು. ನಮ್ಮ ಕಂಪೆನಿ ನಾಟಕಗಳಲ್ಲಿ ಅರಮನೆ, ಕಾಡು, ಬೀದಿಗಳ ಪರದೆ ಬರೆಯುತ್ತಿದ್ದವರನ್ನು ಕಂಡ ಹಿರಿಯರಿಗೆ ಆ ಕಸುಬಿನ ಗುಣ ಗೊತ್ತು. ದೂರ ಕುಳಿತವನಿಗೂ ಕಟ್ಟಡದ ಎತ್ತರ ಎದೆಗೆ ತಟ್ಟುವಂತೆ ಬರೆಯುವುದೇ ಅದರ ಗುಟ್ಟು. ರಾಬರ್ಟ್ಸನ ಚಿತ್ರಗಳ ಸೊಗಸಿಗೂ ಅವುಗಳ ಅತಿಶಯಕ್ಕೂ ಈ ನಾಟಕಶಾಲೆಯ ಪಾಠವೇ ಮೂಲವೆಂದು ತೋರುತ್ತದೆ.

1838ರ ಆಗಸ್ಟ್ ಕೊನೆಗೆ ಲಂಡನ್ನಿನಿಂದ ಹೊರಟ ಅವನು ಸೆಪ್ಟೆಂಬರಿನಲ್ಲಿ ಅಲೆಗ್ಸಾಂಡ್ರಿಯ ತಲುಪಿದನು. ಕೈರೋದಲ್ಲಿ ದೋಣಿಯೊಂದನ್ನು ಬಾಡಿಗೆಗೆ ಹಿಡಿದು ನೈಲ್ ನದಿಯಲ್ಲಿ ಮೇಲೇರುತ್ತ ನವೆಂಬರಿನಲ್ಲಿ ನುಬಿಯದ ಅಬು ಸಿಂಬೆಲಿನವರೆಗೆ ಹೋಗಿ, ಹಿಂದಿರುಗುವಾಗ ಒಂದೊಂದೇ ಗುಡಿಯ ಮುಂದೆ ದೋಣಿ ನಿಲ್ಲಿಸಿ ಚಿತ್ರ ಬರೆದನು. ಕೈರೋದ ಮಸೀದಿಗಳ ಒಳಗೆ ಚಿತ್ರಿಸಲು ಅವನಿಗೆ ಅನುಮತಿ ದೊರೆಯಿತು. ಆದರೆ ಅಲ್ಲಿಯ ಉಡುಪು ಧರಿಸಬೇಕು, ಹಂದಿಯ ಕೂದಲಿನ ಕುಂಚವನ್ನು ಬಳಸಬಾರದು ಎಂಬ ನಿಬಂಧನೆಗಳಿದ್ದುವು. 1839ರ ಮೊದಲಲ್ಲಿ ಮರುಭೂಮಿಯನ್ನು ದಾಟಿ ಸಿನಾಯ್, ಪೆಟ್ರಾ, ಜೆರುಸಲೇಮ್, ಬಾಲ್ಬೆಕ್‌ಗಳನ್ನು ನೋಡಿಕೊಂಡು ಅದೇ ವರ್ಷ ಲಂಡನ್ನಿಗೆ ಮರಳಿದನು. ಅದೇ 1839ರಲ್ಲಿ ಪ್ಯಾರಿಸಿನಲ್ಲಿ ಛಾಯಾಗ್ರಹಣದ ಶೋಧವು ಜಗತ್ತಿಗೆ ಪ್ರಕಟವಾಯಿತು ಎಂಬುದನ್ನು ನೆನಪಿನಲ್ಲಿಡಬೇಕು. ಕೆಮರಾ ಬರುವುದಕ್ಕೆ ಕೂದಲೆಳೆಯಷ್ಟು ಮೊದಲು, ಕೈಯಿಂದ ಬರೆದ ಕೊನೆಯ ದೊಡ್ಡ ದಾಖಲೆಗಳಲ್ಲಿ ಇದೊಂದು.

ಅವನು ತಂದ ಚಿತ್ರಗಳನ್ನು ಕಲ್ಲಿಗಿಳಿಸಿದವನು ಲೂಯಿ ಹಾಗ್. ಬೆಲ್ಜಿಯಮಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದವನು. ಹುಟ್ಟಿನಿಂದಲೇ ಅವನ ಬಲಗೈ ಊನವಾಗಿತ್ತು, ಎಡಗೈಯಿಂದಲೇ ಬರೆಯುತ್ತಿದ್ದನು. ನಮ್ಮ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಈ ಮಾತನ್ನು ಹೇಳಲು ನಮಗೆ ವಿಶೇಷ ಸಂತೋಷವಿದೆ. ಸುಮಾರು 250 ಚಿತ್ರಗಳನ್ನು, ಅಷ್ಟೊಂದು ಕಂಬ, ಕಮಾನು, ಕೆತ್ತನೆ, ಜನ, ಒಂಟೆಗಳನ್ನು, ತಿರುಗುಮುರುಗಾಗಿ ಕಲ್ಲಿನ ಮೇಲೆ ಬರೆದದ್ದು ಆ ಎಡಗೈ. ಹಾಳೆಗಳ ಕೆಳಗೆ ಕಣ್ಣಿಟ್ಟು ನೋಡಿದರೆ ಎಡ ತುದಿಯಲ್ಲಿ ರಾಬರ್ಟ್ಸನ ಹೆಸರೂ ಬಲ ತುದಿಯಲ್ಲಿ ಹಾಗ್‌ನ ಹೆಸರೂ ಕಾಣುತ್ತವೆ. ಬರೆದವನಿಗೆ ಸಿಕ್ಕಿದ ಖ್ಯಾತಿಯ ಕಾಲುಭಾಗವೂ ಕಲ್ಲಿಗಿಳಿಸಿದವನಿಗೆ ಸಿಗಲಿಲ್ಲ. ಕಲ್ಲನ್ನು ತಿಕ್ಕಿದವರು, ಯಂತ್ರ ಒತ್ತಿದವರು, ಮುದ್ರಿತ ಪ್ರತಿಗಳಿಗೆ ಕೈಯಿಂದ ಬಣ್ಣ ತುಂಬಿದವರ ಹೆಸರುಗಳಂತೂ ಹಾಳೆಯ ಯಾವ ಅಂಚಿನಲ್ಲಿಯೂ ಇಲ್ಲ.

ಎಫ್. ಜಿ. ಮೂನ್ ಎಂಬ ಪ್ರಕಾಶಕನು 1842ರಿಂದ 1849ರ ತನಕ ಇವನ್ನು ಕಂತುಕಂತಾಗಿ ಹೊರತಂದನು. ಚಂದಾದಾರರ ಪಟ್ಟಿಯ ಮೊದಲ ಹೆಸರು ವಿಕ್ಟೋರಿಯ ರಾಣಿಯದು. ಈಜಿಪ್ಟಿನ ಸಂಪುಟಗಳಿಗೆ ವಿಲಿಯಂ ಬ್ರಾಕ್ಡನ್ ವಿವರಣೆ ಬರೆದನು. ದೊಡ್ಡ ದೊಡ್ಡ ಹಾಳೆಗಳು, ದೊಡ್ಡ ಬೆಲೆ. ಆಮೇಲೆ ನಡೆದುದನ್ನು ಮಕ್ಕಳು ಗಮನವಿಟ್ಟು ಕೇಳಬೇಕು. 1853ರಲ್ಲಿ ಉಳಿದ ಪ್ರತಿಗಳನ್ನು ಹರಾಜು ಹಾಕಿದಾಗ ಆ ಕಲ್ಲುಗಳನ್ನು ಬೇಕೆಂದೇ ಒಡೆದುಹಾಕಿದರು. ಇನ್ನೊಂದು ಪ್ರತಿ ಅಚ್ಚಾಗಬಾರದು, ಕೊಂಡವರ ಪ್ರತಿಗೆ ಬೆಲೆ ಇಳಿಯಬಾರದು ಎಂಬುದೇ ಕಾರಣ. ಹಾಗ್‌ನ ಎಡಗೈ ಏಳೆಂಟು ವರ್ಷ ದುಡಿದ ದುಡಿಮೆ ಹೀಗೆ ಚೂರಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1855ರಲ್ಲಿ ಡೇ ಅಂಡ್ ಸನ್ ಎಂಬ ಮುದ್ರಣ ಸಂಸ್ಥೆಯು ಅವೇ ಚಿತ್ರಗಳನ್ನು ಹೊಸ ಕಲ್ಲುಗಳ ಮೇಲೆ ಕಿರಿದುಗೊಳಿಸಿ ಬರೆಸಿ, ಕಡಿಮೆ ಬೆಲೆಯ ಚಿಕ್ಕ ಆವೃತ್ತಿಯನ್ನು ಹೊರಡಿಸತೊಡಗಿತು. ಅರಮನೆಗೆ ಮಾತ್ರ ಸಲ್ಲುತ್ತಿದ್ದುದು ಸಾಮಾನ್ಯ ಓದುಗನ ಮನೆಗೂ ಬಂತು. ನಮ್ಮಲ್ಲಿರುವ ಎಂಟೂ ಹಾಳೆಗಳು ಈ ಚಿಕ್ಕ ಆವೃತ್ತಿಯವು.

ಇಲ್ಲಿ ನಮ್ಮ ಊರಿನ ಕಡೆಗೆ ಒಮ್ಮೆ ತಿರುಗಬೇಕು. ಲಂಡನ್ನಿನಲ್ಲಿ ರಾಬರ್ಟ್ಸನ ಕಂತುಗಳು ಹೊರಬರುತ್ತಿದ್ದ 1843ರಲ್ಲಿಯೇ, ಜುಲೈ ಒಂದರಂದು, ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆಯೆಂದು ಎಲ್ಲರಿಗೂ ಗೊತ್ತು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದುದೆಂಬುದನ್ನು ಮರೆಯುತ್ತೇವೆ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದಿದ್ದರು. ಪತ್ರಿಕೆಯ ಸಂಪಾದಕ ಹರ್ಮನ್ ಮೊಗ್ಲಿಂಗ್. 1848ರಿಂದ 1853ರ ತನಕ ಮೊಗ್ಲಿಂಗರು ಹಳೆಯ ಕನ್ನಡ ಕೃತಿಗಳನ್ನು ಮಾಲೆಯಾಗಿ ಹೊರತಂದುದೂ ಕಲ್ಲಚ್ಚಿನಲ್ಲಿಯೇ. ಓಲೆಗರಿಯಲ್ಲಿದ್ದ ಜೈಮಿನಿ ಭಾರತವೂ ದಾಸರ ಪದಗಳೂ ಹೀಗೆ ಕಾಗದಕ್ಕೆ ಬಂದುವು. ನಮ್ಮ ಇನ್ನೊಂದು ಮಗ್ಗುಲಿನ ತಲಶ್ಶೇರಿಯಲ್ಲಿ 1847ರಲ್ಲಿ ಹೊರಟ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಕೂಡ ಕಲ್ಲಚ್ಚಿನದೇ. ಮಂಗಳೂರಿಗೂ ತಲಶ್ಶೇರಿಗೂ ನಡುವೆ, ಎರಡು ಭಾಷೆಗಳ ನಡುವೆ ಇರುವ ನಮ್ಮ ಕಾಸರಗೋಡಿಗೆ ಕಲ್ಲಚ್ಚು ಪರಕೀಯವಾದದ್ದೇನಲ್ಲ.

ಒಂದೇ ವಿದ್ಯೆ, ಒಂದೇ ದಶಕ. ಲಂಡನ್ನಿನಲ್ಲಿ ಕೆಲವರಿಗೆ ಮಾತ್ರ ಇರಲೆಂದು ಕಲ್ಲನ್ನು ಒಡೆದರು. ಮಂಗಳೂರಿನಲ್ಲಿ ಒಂದು ಪುಟ ಅಚ್ಚಾದ ಮೇಲೆ ಅದೇ ಕಲ್ಲನ್ನು ತಿಕ್ಕಿ ಅಳಿಸಿ ಇನ್ನೊಂದು ಪುಟ ಬರೆದರು, ಹೆಚ್ಚು ಜನ ಓದಲೆಂದು. ಸಂಗ್ರಹವೆಂಬುದು ಈ ಎರಡರಲ್ಲಿ ಯಾವ ದಾರಿ ಹಿಡಿಯಬೇಕೆಂಬುದು ಒಂದು ಶಾಲೆಗೆ ಬಹುಮುಖ್ಯವಾದ ಪ್ರಶ್ನೆ.

ಈಗ ಚಿತ್ರಗಳ ಕಡೆಗೆ ಬರೋಣ. ಇವುಗಳಿಗೆ ಬೆಲೆ ಏಕೆ? ಅಂದ ಮೊದಲ ಕಾರಣ. ಆದರೆ ಅಂದಕ್ಕಿಂತ ದೊಡ್ಡ ಕಾರಣವನ್ನು ನಮ್ಮ ಅರ್ಮಂತಿನ ಹಾಳೆ ಹೇಳುತ್ತದೆ. ಲಕ್ಸರಿಗೆ ದಕ್ಷಿಣದಲ್ಲಿ ನೈಲ್ ನದಿಯ ಪಕ್ಕ, ಗ್ರೀಕರು ಹರ್ಮಾಂಥಿಸ್ ಎಂದು ಕರೆದ ಊರಿನಲ್ಲಿ, ಕ್ಲಿಯೋಪಾತ್ರ ರಾಣಿಯ ಕಾಲದ ಗುಡಿಯೊಂದಿತ್ತು. ರಾಬರ್ಟ್ಸನು ಅದರ ತೆಳುವಾದ ಎತ್ತರದ ಕಂಬಗಳನ್ನು ಬರೆದುಕೊಂಡನು. ಇಪ್ಪತ್ತೈದು ವರ್ಷ ಕಳೆಯುವ ಮೊದಲೇ, 1860ರ ದಶಕದ ಆರಂಭದಲ್ಲಿ, ಆ ಗುಡಿಯನ್ನು ಕೆಡವಿ ಕಲ್ಲುಗಳನ್ನು ಸಕ್ಕರೆ ಕಾರ್ಖಾನೆಯ ಕಟ್ಟಡಕ್ಕೆ ಬಳಸಿದರು. ಇಂದು ಅಲ್ಲಿಗೆ ಹೋದವರಿಗೆ ಆ ಕಂಬಗಳು ಕಾಣುವುದಿಲ್ಲ. ಆನೆದ್ವೀಪವೆಂಬ ಅರ್ಥದ ಹೆಸರಿರುವ ಎಲಿಫಂಟೈನಿನ ಗುಡಿಯದು ಇನ್ನೂ ಹಿಂದಿನ ಕಥೆ. ನೆಪೋಲಿಯನ್ನನ ಜತೆ 1798ರಲ್ಲಿ ಬಂದ ವಿದ್ವಾಂಸರು ಅದನ್ನು ಅಳೆದು ಚಿತ್ರಿಸಿದ್ದರು. 1822ರಲ್ಲಿ ಅದು ನೆಲಸಮವಾಯಿತು. ರಾಬರ್ಟ್ಸನು ಅಲ್ಲಿಗೆ ಬಂದಾಗ ಬರೆಯಲು ಆ ಗುಡಿಯೇ ಉಳಿದಿರಲಿಲ್ಲ.

ಫಿಲೆಯ ಹಾಳೆಯಲ್ಲಿ ಐಸಿಸ್ ದೇವಿಯ ಗುಡಿಯ ಮುಖಮಂಟಪವಿದೆ. ಕಂಬಗಳ ತಲೆಗಟ್ಟಿನಲ್ಲಿ ಹಸುರು, ನೀಲ, ಕೆಂಪು ಬಣ್ಣಗಳು. ಎರಡು ಸಾವಿರ ವರ್ಷ ಬಿಸಿಲಿನಲ್ಲಿ ಉಳಿದ ಆ ಬಣ್ಣಗಳು ನೀರಿಗೆ ಸೋತುವು. 1902ರಲ್ಲಿ ಆಸ್ವಾನಿನ ಮೊದಲ ಅಣೆಕಟ್ಟು ಮುಗಿದ ಮೇಲೆ ದ್ವೀಪವು ವರ್ಷದ ಹೆಚ್ಚುಕಾಲ ಮುಳುಗತೊಡಗಿತು, ಬಣ್ಣ ತೊಳೆದುಹೋಯಿತು. 1970ರ ದಶಕದಲ್ಲಿ ಗುಡಿಯನ್ನು ಕಳಚಿ ಹತ್ತಿರದ ಅಗಿಲ್ಕಿಯ ದ್ವೀಪದಲ್ಲಿ ಮರುಜೋಡಿಸಿದರು. ಕಲ್ಲು ಬಂತು, ಬಣ್ಣ ಬರಲಿಲ್ಲ. ಅಬು ಸಿಂಬೆಲಿನ ನಾಲ್ಕು ಬೃಹತ್ ಮೂರ್ತಿಗಳ ಸುತ್ತ ರಾಬರ್ಟ್ಸನ ಚಿತ್ರದಲ್ಲಿ ಮರಳು ರಾಶಿಬಿದ್ದಿದೆ. ಆ ಬೆಟ್ಟವೂ ಆ ದಡವೂ ಇಂದು ನಾಸರ್ ಸರೋವರದ ಕೆಳಗಿವೆ. 1964ರಿಂದ 1968ರ ತನಕ ಯುನೆಸ್ಕೋ ನೇತೃತ್ವದಲ್ಲಿ ಗುಡಿಯನ್ನು ತುಂಡು ತುಂಡಾಗಿ ಕೊಯ್ದು ಸುಮಾರು 65 ಮೀಟರು ಮೇಲಕ್ಕೇರಿಸಿದರು. ರಾಬರ್ಟ್ಸನು ಕುಳಿತು ಬರೆದ ಜಾಗದಲ್ಲಿ ಇನ್ನು ಯಾರೂ ಕುಳಿತುಕೊಳ್ಳಲಾರರು. ಹೀಗೆ ಇದ್ದುದು ಇದ್ದಲ್ಲಿ ಇದ್ದಾಗ ಹೇಗಿತ್ತು ಎಂಬುದಕ್ಕೆ ಈ ಹಾಳೆಗಳು ಸಾಕ್ಷಿ.

ಸಾಕ್ಷಿಯೆಂದ ಮೇಲೆ ಪಾಟೀಸವಾಲೂ ಬೇಕು. ಇತಿಹಾಸ ಕಲಿಸುವ ನಾವು ಅದನ್ನು ಬಿಡುವಂತಿಲ್ಲ. ಪರದೆ ಬರೆದ ಕೈಯಾದುದರಿಂದ ರಾಬರ್ಟ್ಸನು ಗುಡಿಯ ಮುಂದಿನ ಮನುಷ್ಯರನ್ನು ಹಲವೊಮ್ಮೆ ಅಳತೆಗಿಂತ ಕಿರಿದಾಗಿ ಬರೆದಿದ್ದಾನೆ. ಮನುಷ್ಯ ಕಿರಿದಾದಷ್ಟೂ ಕಂಬ ಹಿರಿದಾಗಿ ಕಾಣುತ್ತದೆ. ಶಾಂಪೋಲಿಯನು 1822ರಲ್ಲಿಯೇ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆರೆದಿದ್ದರೂ ರಾಬರ್ಟ್ಸನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅವನ ಚಿತ್ರಗಳಲ್ಲಿ ಶಾಸನವು ಅಲಂಕಾರದ ಬಳ್ಳಿಯಂತೆ ಗೋಡೆ ತುಂಬುತ್ತದೆ. ಶಾಸನ ಓದಬೇಕೆನ್ನುವವರು ಇದನ್ನು ನಂಬಿ ಕೂರಬಾರದು. ಬಣ್ಣ ತುಂಬಿದವರು ಲಂಡನ್ನಿನ ಕೋಣೆಗಳಲ್ಲಿ ಕುಳಿತವರು. ನೈಲಿನ ಆಕಾಶವನ್ನು ಕಂಡವರಲ್ಲ.

ಇನ್ನೂ ದೊಡ್ಡ ಪ್ರಶ್ನೆ ಜನರದು. ನಮ್ಮ ಎಂಟು ಹಾಳೆಗಳಲ್ಲಿಯೂ ಜನರಿದ್ದಾರೆ. ಕೆಲವರು ನೆರಳಿನಲ್ಲಿ ಒರಗಿದ್ದಾರೆ, ಕೆಲವರು ಹುಕ್ಕಾ ಸೇದುತ್ತಿದ್ದಾರೆ, ಕೆಲವರು ಒಂಟೆಯ ಪಕ್ಕ ಸುಮ್ಮನೆ ನಿಂತಿದ್ದಾರೆ. ದೋಣಿ ಎಳೆಯುವವರು, ಗದ್ದೆಗೆ ನೀರು ಹಾಯಿಸುವವರು, ಮುಹಮ್ಮದ್ ಅಲಿ ಪಾಶಾನ ಕಾಲುವೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಇಲ್ಲಿ ಕಾಣುವುದಿಲ್ಲ. ಕಟ್ಟಿದವರು ಮಹಾನುಭಾವರು, ಈಗಿರುವವರು ಸೋಮಾರಿಗಳು, ಆದುದರಿಂದ ಇವನ್ನು ಕಾಯಲು ನಾವೇ ಬೇಕು ಎಂಬ ಪಶ್ಚಿಮದ ಮಾತು ಇಂಥ ಚಿತ್ರಗಳ ಹಿಂದೆ ಸದ್ದಿಲ್ಲದೆ ಕುಳಿತಿರುತ್ತದೆ. ಎಡ್ವರ್ಡ್ ಸಯೀದರು 1978ರಲ್ಲಿ ‘ಓರಿಯಂಟಲಿಸಂ’ ಎಂಬ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ಬಗೆಯ ಚಿತ್ರಗಳನ್ನು ಮುಗ್ಧವಾಗಿ ನೋಡಲು ಸಾಧ್ಯವಿಲ್ಲ. ಕಳೆದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಾರ್ನಾಕಿನ ಹಾಳೆಯ ಮುಂದೆ ನಿಂತು, ‘ಟೀಚರ್, ಇದರಲ್ಲಿ ಯಾರೂ ಕೆಲಸ ಮಾಡುವುದಿಲ್ಲವಾ?’ ಎಂದು ಕೇಳಿದಳು. ಗ್ರಂಥವನ್ನು ಓದದೆಯೂ ಕಣ್ಣು ಅಲ್ಲಿಗೆ ತಲುಪಿತು. ಆ ಪ್ರಶ್ನೆಗೆ ನಾವು ಬಹಳ ಬೆಲೆ ಕೊಡುತ್ತೇವೆ.

ಈಜಿಪ್ಟ್ ನಮ್ಮ ವಿದ್ವತ್ತಿನ ಹೊರಗಿನ ನಾಡೇನೂ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಮಣ್ಣಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆ ಎಂಬ ಚರ್ಚೆ ಕಳೆದ ಶತಮಾನದ ಆರಂಭದಲ್ಲಿ ಎದ್ದಿತು. ಅದರಲ್ಲಿ ಪಾಲ್ಗೊಂಡವರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಯವರೂ ಒಬ್ಬರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೂ ಮಂಜೇಶ್ವರದ ಮನೆಯೊಂದರಲ್ಲಿ ಕುಳಿತು ನೈಲ್ ತೀರದ ಕಾಗದದ ತುಣುಕನ್ನು ಕನ್ನಡದಲ್ಲಿ ಚರ್ಚಿಸಿದ ಆ ಧೈರ್ಯ ನಮ್ಮ ಮಕ್ಕಳ ಆಸ್ತಿ.

ಇನ್ನು ಸಂಗ್ರಹದ ಕೆಲವು ವ್ಯಾವಹಾರಿಕ ಮಾತುಗಳು. ಹಳೆ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಹವ್ಯಾಸ ಹತ್ತಬಹುದು. ಮೊದಲನೆಯದಾಗಿ, ಅಂಗಡಿಯಲ್ಲಿ ಹಳೆಯ ಚಿತ್ರವನ್ನೆಲ್ಲ ಲಿಥೋ ಎಂದೇ ಹೇಳುವುದುಂಟು. ಭಾರತದ ಸ್ಮಾರಕಗಳ ಪ್ರಸಿದ್ಧ ಚಿತ್ರಗಳನ್ನು 1795ರಿಂದ 1808ರ ನಡುವೆ ಹೊರತಂದ ಡೇನಿಯಲ್ ಬಂಧುಗಳ 144 ಫಲಕಗಳು ಕಲ್ಲಚ್ಚಲ್ಲ. ತಾಮ್ರದ ತಗಡಿನಲ್ಲಿ ಆಮ್ಲದಿಂದ ಕೊರೆದವು. 1845ರಲ್ಲಿ ಜೇಮ್ಸ್ ಫರ್ಗುಸನ್ ಪ್ರಕಟಿಸಿದ ಅಜಂತಾ, ಎಲ್ಲೋರ ಮೊದಲಾದ ಗುಹಾದೇವಾಲಯಗಳ ಚಿತ್ರಗಳು ನಿಜವಾದ ಕಲ್ಲಚ್ಚುಗಳು. ತಗಡಿನ ಮುದ್ರಣದಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಕಾಗದವನ್ನು ಒತ್ತಿದ ಗುರುತಿರುತ್ತದೆ. ಕಲ್ಲಚ್ಚಿನಲ್ಲಿ ಅದಿರುವುದಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಬಳಪದ ತರಿತರಿಯಾದ ಕಣಗಳು ಕಾಣುತ್ತವೆ. ಸಾಲುಸಾಲಾಗಿ ಜೋಡಿಸಿದ ಬಣ್ಣದ ಚುಕ್ಕೆಗಳು ಕಂಡರೆ ಅದು ನಮ್ಮ ಕಾಲದ ನಕಲು. ನಕಲು ಕೊಳ್ಳುವುದು ತಪ್ಪಲ್ಲ. ನಕಲಿಗೆ ಮೂಲದ ಬೆಲೆ ಕೊಡಬಾರದು ಅಷ್ಟೆ.

ಎರಡನೆಯದಾಗಿ, ಹಾಳೆಯ ಅಳತೆ ಮತ್ತು ಅಡಿಬರಹ. ರಾಬರ್ಟ್ಸನ ದೊಡ್ಡ ಆವೃತ್ತಿಗೂ ಚಿಕ್ಕ ಆವೃತ್ತಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಅಂಚಿನಲ್ಲಿ ಮೂನ್ ಹೆಸರಿದೆಯೋ, ಡೇ ಅಂಡ್ ಸನ್ ಹೆಸರಿದೆಯೋ ನೋಡಬೇಕು. ಚೌಕಟ್ಟಿಗೆ ಹೊಂದಲೆಂದು ಅಂಚನ್ನು ಕತ್ತರಿಸಿದ ಹಾಳೆಗಳು ಸಿಗುತ್ತವೆ. ಹೆಸರು, ವರ್ಷ, ಊರು ಕತ್ತರಿಗೆ ಹೋದ ಮೇಲೆ ಉಳಿಯುವುದು ಗೋಡೆಯ ಶೃಂಗಾರ ಮಾತ್ರ.

ಮೂರನೆಯದು, ಎಲ್ಲಕ್ಕಿಂತ ದುಃಖದ್ದು. ಬಿಡಿ ಹಾಳೆಗಳನ್ನು ಮಾರಿದರೆ ಲಾಭ ಹೆಚ್ಚೆಂದು ಪೂರ್ಣ ಸಂಪುಟಗಳನ್ನು ಬಿಚ್ಚಿ ಹರಿದು ಮಾರುವ ರೂಢಿ ಜಗತ್ತಿನೆಲ್ಲೆಡೆ ಇದೆ. ಪೂರ್ಣವಾಗಿರುವ ಪುಸ್ತಕದಿಂದ ಹಾಳೆ ಕಿತ್ತುಕೊಡುವೆನೆಂಬವನಿಂದ ಕೊಳ್ಳಬಾರದು. ನಮ್ಮ ದಾನಿಗಳು ಎಂದೋ ಬಿಡಿಯಾಗಿದ್ದ ಹಾಳೆಗಳನ್ನು ಮಾತ್ರ ಕೊಂಡವರು. ಕೊಂಡ ಊರು, ತಿಂಗಳು, ವರ್ಷವನ್ನು ಹಾಳೆಯ ಹಿಂಬದಿಯ ಮೂಲೆಯಲ್ಲಿ ತೆಳುವಾಗಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಶಾಯಿಯಲ್ಲಿ ಬರೆಯಲಿಲ್ಲ, ಗೋಂದು ಹಚ್ಚಲಿಲ್ಲ, ಪ್ಲಾಸ್ಟಿಕ್ ಹೊದಿಕೆ ಅಂಟಿಸಲಿಲ್ಲ. ಸಂಗ್ರಾಹಕನ ವಿನಯವೆಂದರೆ ಇದು. ನಮ್ಮ ಕರಾವಳಿಯ ಮಳೆಗಾಲ ಕಾಗದಕ್ಕೆ ಶತ್ರು. ಆದುದರಿಂದ ಈ ಹಾಳೆಗಳನ್ನು ಆಮ್ಲವಿಲ್ಲದ ರಟ್ಟಿನ ನಡುವೆ, ಗಾಜಿಗೆ ತಾಗದಂತೆ, ಬಿಸಿಲು ಬೀಳದ ಗೋಡೆಯಲ್ಲಿ ಇಟ್ಟಿದ್ದೇವೆ. ಆಟಿ ತಿಂಗಳಲ್ಲಿ ಇಳಿಸಿ ಒಣ ಕಪಾಟಿನಲ್ಲಿಡುತ್ತೇವೆ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಚಿಕ್ಕ ಆವೃತ್ತಿಯ ಎಂಟು ಹಾಳೆಗಳನ್ನು ಮಾರಿದರೆ ಬರುವ ಹಣ ಒಂದು ಕೋಣೆಯ ಹಂಚಿಗೂ ಸಾಲದು. ಆದರೆ ನಮ್ಮ ಉತ್ತರ ಲೆಕ್ಕದ್ದಲ್ಲ. ಹಣ ಸಾಕಾಗುತ್ತಿದ್ದರೂ ನಾವು ಇದನ್ನೇ ಹೇಳುತ್ತಿದ್ದೆವು. ಮಾರಿದರೆ ಹಾಳೆ ಒಬ್ಬರ ಗೋಡೆ ಸೇರುತ್ತದೆ. ಇಲ್ಲಿದ್ದರೆ ಪ್ರತಿ ವರ್ಷ ಒಂದು ಹೊಸ ತರಗತಿ ಅದರ ಮುಂದೆ ನಿಂತು, ಬರೆದವರು ಯಾರು, ಕಲ್ಲಿಗಿಳಿಸಿದವರು ಯಾರು, ಆ ಗುಡಿ ಈಗ ಎಲ್ಲಿದೆ, ಚಿತ್ರದಲ್ಲಿ ಯಾರು ಇಲ್ಲ ಎಂದು ಕೇಳುತ್ತದೆ. ಕಲ್ಲನ್ನು ಒಡೆದವರ ದಾರಿ ಶಾಲೆಗೆ ಸಲ್ಲದು. ಸಮಿತಿಯೂ ಒಮ್ಮತದಿಂದ ಇದನ್ನು ಒಪ್ಪಿದೆ. ಪ್ರಶ್ನೆ ಎತ್ತಿದ ಹಿರಿಯರೇ ಮೊದಲು ಕೈ ಎತ್ತಿದರು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇವೆ.

ಇದರಿಂದ ನಮಗೆ ಒಂದು ಹೊಣೆಯೂ ಬಂದಿದೆ. ನಾವೀಗ ಕುಳಿತಿರುವ ಈ ಹಳೆಯ ಹಂಚಿನ ಕಟ್ಟಡ, ಮುರಕಲ್ಲಿನ ಗೋಡೆ, ಈ ಉದ್ದ ಜಗಲಿ, ಮುಂದಿನ ಬೇಸಗೆ ರಜೆಯಲ್ಲಿ ಉರುಳಲಿದೆ. ಬೇರೆ ದಾರಿಯಿಲ್ಲ; ಮಾಡಿನ ಪಕ್ಕಾಸುಗಳು ಜೀರ್ಣವಾಗಿವೆ, ಮಕ್ಕಳ ಜೀವ ದೊಡ್ಡದು. 1956ರ ನವೆಂಬರ್ ಒಂದರಂದು ಈ ನೆಲ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ ಮರುದಿನವೂ ಇದೇ ಜಗಲಿಯಲ್ಲಿ ಮಕ್ಕಳು ಕನ್ನಡದ ಬಳ್ಳಿ ಬರೆದಿದ್ದರು ಎಂದು ಅಂದಿನ ವಿದ್ಯಾರ್ಥಿಗಳಾಗಿದ್ದ ಅಜ್ಜ ಅಜ್ಜಿಯರು ನಮಗೆ ಹೇಳಿದ್ದಾರೆ. ಅಂದು ಎರಡೆರಡು ವಿಭಾಗಗಳಿದ್ದ ತರಗತಿಗಳಲ್ಲಿ ಇಂದು ಒಂದು ಬೆಂಚು ಖಾಲಿ, ಎರಡು ಬೆಂಚು ಖಾಲಿ. ಕಟ್ಟಡ ಹೋಗುವುದು ಅನಿವಾರ್ಯ. ಅದು ಹೇಗಿತ್ತು ಎಂಬುದೂ ಹೋಗಬೇಕಾಗಿಲ್ಲ.

ಆದುದರಿಂದ ಈ ವರ್ಷ ಆರರಿಂದ ಹತ್ತನೆಯ ತರಗತಿಯ ಮಕ್ಕಳು ಚಿತ್ರಕಲಾ ಅಧ್ಯಾಪಕರ ಮಾರ್ಗದರ್ಶನದಲ್ಲಿ ಈ ಕಟ್ಟಡವನ್ನು ಮೂಲೆಮೂಲೆಯಿಂದ ಬರೆಯುತ್ತಿದ್ದಾರೆ. ಅಳತೆಪಟ್ಟಿ ಹಿಡಿದು ಕಿಟಕಿ ಬಾಗಿಲುಗಳನ್ನು ಅಳೆಯುತ್ತಿದ್ದಾರೆ. ಅವರಿಗೆ ನಾವು ವಿಧಿಸಿದ ನಿಯಮಗಳು ಮೂರೇ. ಕಟ್ಟಡವನ್ನು ದೊಡ್ಡದು ಮಾಡಲು ಮನುಷ್ಯರನ್ನು ಚಿಕ್ಕದು ಮಾಡಬಾರದು. ಗಂಜಿ ಬೇಯಿಸುವ ಅಕ್ಕ, ಗಂಟೆ ಹೊಡೆಯುವ ಅಣ್ಣ, ಕಸ ಗುಡಿಸುವವರು ಚಿತ್ರದಲ್ಲಿರಬೇಕು, ಕೆಲಸ ಮಾಡುತ್ತಿರಬೇಕು. ಪ್ರತಿಯೊಂದು ಹಾಳೆಯ ಅಡಿಯಲ್ಲಿ ಬರೆದವರ ಹೆಸರು, ತಾರೀಕು, ನಿಂತ ಜಾಗ ಕನ್ನಡದಲ್ಲಿ ಇರಬೇಕು.

ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ನಮ್ಮ ವಿನಂತಿಯೂ ಇದೇ. ತಮ್ಮ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯ ತಳದಲ್ಲಿ ಈ ಶಾಲೆಯ ತರಗತಿ ಫೋಟೋ, ಪ್ರಗತಿಪತ್ರ, ವಾರ್ಷಿಕೋತ್ಸವದ ಕರಪತ್ರ ಏನಿದ್ದರೂ ತಂದುಕೊಡಿ. ಮೂಲವನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ತೆಗೆದು ಹಿಂದಿರುಗಿಸುತ್ತೇವೆ. ಫೋಟೋದಲ್ಲಿರುವವರ ಹೆಸರು ಗೊತ್ತಿರುವ ಹಿರಿಯರು ದಯವಿಟ್ಟು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಡಿ. ಹೆಸರು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಭೆ ಮುಗಿದ ಮೇಲೆ ವಾಚನಾಲಯ ತೆರೆದಿರುತ್ತದೆ. ಎಂಟು ಹಾಳೆಗಳ ಪಕ್ಕದ ಗೋಡೆಯಲ್ಲಿ ಮಕ್ಕಳ ಚಿತ್ರಗಳಿವೆ. ಮೇಜಿನ ಮೇಲೆ ಎರಡು ಭೂತಗನ್ನಡಿಗಳಿವೆ. ತಾವೆಲ್ಲರೂ ನೋಡಿಕೊಂಡು ಹೋಗಬೇಕು.